ಬೈಕಿನ ಕ್ಲಚ್ ಕವರ್ ಮನೆಯಲ್ಲೇ ಬದಲಿಸುವುದು: ಕವರಿಗಿಂತ ಗ್ಯಾಸ್ಕೆಟ್ಟೇ ಮುಖ್ಯ

ಕೋಲಾರ, ಮಾಲೂರು, ಶ್ರೀನಿವಾಸಪುರದ ಕಡೆ ಬೈಕೆಂದರೆ ಅರ್ಧ ಗೂಡ್ಸ್ ಗಾಡಿ. ಬೆಳಗ್ಗೆ ಡೇರಿಗೆ ಹಾಲಿನ ಕ್ಯಾನು, ಆಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ, ಸೀಸನ್ನಿನಲ್ಲಿ ಟೊಮೆಟೊ ಕ್ರೇಟು. ಇಷ್ಟು ಭಾರ ಹೊತ್ತ ಬೈಕು ಬಲಕ್ಕೆ ವಾಲಿ ಬಿದ್ದರೆ ಮೊದಲು ಬಾಗುವುದು ಬ್ರೇಕ್ ಪೆಡಲ್ಲು ಮತ್ತು ಫುಟ್‌ರೆಸ್ಟು. ಇವೆರಡೂ ಒಳಕ್ಕೆ ಬಾಗಿ ಇಂಜಿನ್ನಿನ ಬಲಗಡೆ ಕವರಿಗೆ, ಅಂದರೆ ಕ್ಲಚ್ ಕವರಿಗೆ, ಹೋಗಿ ತಿವಿಯುತ್ತವೆ. ಅದು ಎರಕದ ಅಲ್ಯೂಮಿನಿಯಂ. ತಗಡಿನಂತೆ ನೆಗ್ಗುವುದಿಲ್ಲ, ಬಿರುಕು ಬಿಡುತ್ತದೆ, ಇಲ್ಲವೇ ತುಂಡು ಹಾರುತ್ತದೆ.

ಈ ಲೇಖನ 100ರಿಂದ 125 ಸಿಸಿಯ ಸಾಮಾನ್ಯ ಬೈಕುಗಳ ಬಲಗಡೆ ಕವರ್ ಬದಲಿಸುವ ಬಗ್ಗೆ. 150 ಸಿಸಿ ಬೈಕುಗಳಲ್ಲೂ ಕ್ರಮ ಹೆಚ್ಚುಕಡಿಮೆ ಇದೇ. ಮೊದಲ ಸಲ ಮಾಡುವವರು ಅರ್ಧ ದಿನ ಇಟ್ಟುಕೊಳ್ಳಿ. ಬೋಲ್ಟ್ ಬಿಚ್ಚಿ ಬಿಗಿಯುವುದಕ್ಕೆ ಒಂದು ಗಂಟೆ ಸಾಕು. ಉಳಿದ ಹೊತ್ತೆಲ್ಲ ಹಳೇ ಗ್ಯಾಸ್ಕೆಟ್, ಅಂದರೆ ಕವರಿಗೂ ಇಂಜಿನ್ನಿಗೂ ನಡುವೆ ಕೂತು ಎಣ್ಣೆ ತಡೆಯುವ ಕಾಗದದ ಪದರ, ಕೆರೆಯುವುದಕ್ಕೆ ಹೋಗುತ್ತದೆ, ಹೋಗಲೂ ಬೇಕು. ಹೊಸ ಕವರ್ ಹಾಕಿ ವಾರದಲ್ಲೇ ಎಣ್ಣೆ ಸೋರಿಸಿಕೊಂಡು ಬರುವ ಬೈಕುಗಳಲ್ಲಿ ಬಹುಪಾಲಿಗೆ ಈ ಕೆರೆಯುವ ಕೆಲಸವೇ ಅರೆಬರೆ ಆಗಿರುತ್ತದೆ.

ಬೈಕಿಗೆ ವಾರಂಟಿ ಇನ್ನೂ ಇದ್ದರೆ ಇಂಜಿನ್ ಬಿಚ್ಚುವ ಮೊದಲು ಷೋರೂಮಿನಲ್ಲಿ ಕೇಳಿಬಿಡಿ.

ಬದಲಿಸಲೇಬೇಕೇ?

ಮೇಲ್ಮೈ ಮೇಲೆ ಗೀರು, ಬಣ್ಣ ಹಾರಿರುವುದು ಇಷ್ಟೇ ಇದ್ದರೆ ಮುಟ್ಟಬೇಡಿ. ಎಣ್ಣೆ ಜಿನುಗುತ್ತಿದ್ದರೆ ಆ ಜಾಗ ಒರೆಸಿ, ಮೇಲೆ ಸ್ವಲ್ಪ ಮುಖದ ಪೌಡರೋ ವಿಭೂತಿಯೋ ಉದುರಿಸಿ, ಇಂಜಿನ್ ಐದು ನಿಮಿಷ ಓಡಿಸಿ. ಪುಡಿ ಎಲ್ಲಿ ಒದ್ದೆಯಾಯಿತೋ ಸೋರಿಕೆ ಅಲ್ಲೇ. ಕಿಕ್ ಶಾಫ್ಟಿನ, ಅಂದರೆ ಕಿಕ್ಕರ್ ಕೂರುವ ದಂಡದ, ಸುತ್ತ ಒದ್ದೆಯಾದರೆ ಅಲ್ಲಿನ ಆಯಿಲ್ ಸೀಲ್ ಎಂಬ ರಬ್ಬರ್ ಉಂಗುರ ಒಂದೇ ಹೋಗಿದೆ. ಅದನ್ನು ಎಷ್ಟೋ ಬೈಕುಗಳಲ್ಲಿ ಕವರ್ ತೆಗೆಯದೆಯೇ ಬದಲಿಸಬಹುದು. ಕವರಿನ ಅಂಚಿನ ಉದ್ದಕ್ಕೂ ಒದ್ದೆಯಾದರೆ ಗ್ಯಾಸ್ಕೆಟ್. ನಡುಮೈಯಲ್ಲಿ ಗೆರೆ ಎಳೆದಂತೆ ಒದ್ದೆಯಾದರೆ ಬಿರುಕು. ಮೇಲಿನ ಟ್ಯಾಪೆಟ್ ಕವರಿನಿಂದ ಸೋರಿ ಕೆಳಗಿಳಿದ ಎಣ್ಣೆಯನ್ನು ಕ್ಲಚ್ ಕವರಿನ ತಲೆಗೆ ಕಟ್ಟುವುದೂ ಉಂಟು, ಹಾಗಾಗಿ ಮೇಲಿನಿಂದ ಕೆಳಕ್ಕೆ ನೋಡುತ್ತಾ ಬನ್ನಿ.

ಎಂ-ಸೀಲ್ ಮೆತ್ತುವುದು ದಾರಿಯ ನಡುವೆ ಕೆಟ್ಟಾಗಿನ ಉಪಾಯ. ಮುಳಬಾಗಿಲಿನ ಹತ್ತಿರ ಒಡೆದರೆ ಕೋಲಾರದವರೆಗೆ ಬರಲು ಆದೀತು. ಒಳಗಿನಿಂದ ಎಣ್ಣೆ ಒಸರುತ್ತಲೇ ಇರುವ ಮೇಲ್ಮೈಗೆ ಅದು ಕಚ್ಚಿಕೊಳ್ಳುವುದಿಲ್ಲ. ಇಂಜಿನ್ ಬಿಸಿಯಾಗಿ ತಣ್ಣಗಾಗಿ ನಾಲ್ಕು ಸಲ ಆಗುವಷ್ಟರಲ್ಲಿ ಸಿಪ್ಪೆಯಂತೆ ಎದ್ದುಬರುತ್ತದೆ. ಆರ್ಗಾನ್ ವೆಲ್ಡಿಂಗ್ ಮಾಡಿಸಬಹುದು, ಆದರೆ ಬಿರುಕು ನಡುವೆ ಇದ್ದರೆ ಮಾತ್ರ. ಅಂಚಿಗೆ ಹತ್ತಿರ ವೆಲ್ಡ್ ಮಾಡಿದರೆ ಆ ಶಾಖಕ್ಕೆ ಗ್ಯಾಸ್ಕೆಟ್ ಕೂರುವ ಮುಖ ಸೊಟ್ಟಗಾಗುತ್ತದೆ, ಸೋರಿಕೆ ಬೇರೆ ಕಡೆ ಶುರುವಾಗುತ್ತದೆ. ಹೊಸ ಕವರ್ ಸಿಗುವ ಮಾಡೆಲ್ಲಿಗೆ ವೆಲ್ಡಿಂಗ್ ಖರ್ಚು ದಂಡ.

ತರಬೇಕಾದ್ದು

ಕವರ್ ಕೊಳ್ಳುವಾಗ ಬರೀ ಮಾಡೆಲ್ ಹೆಸರು ಹೇಳಿದರೆ ಸಾಲದು. ಒಂದೇ ಹೆಸರಿನ ಬೈಕಿನಲ್ಲಿ ವರ್ಷ ಬದಲಾದಂತೆ ಕವರಿನ ತೂತು, ಕ್ಲಚ್ ಆರ್ಮಿನ (ಕೇಬಲ್ ಎಳೆಯುವ ಪುಟ್ಟ ಸನ್ನೆಯ) ಜಾಗ, ಡಿಪ್‌ಸ್ಟಿಕ್ಕಿನ ಜಾಗ ಬದಲಾಗಿರುತ್ತವೆ. ತಯಾರಾದ ವರ್ಷ, ಚಾಸಿ ನಂಬರು ಎರಡೂ ಕೊಡಿ; ಹಳೇ ಕವರನ್ನೇ ಕೈಯಲ್ಲಿ ಹಿಡಿದು ಹೋದರೆ ಇನ್ನೂ ವಾಸಿ. ಊರಲ್ಲಿ ಸಿಗದಿದ್ದರೆ ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇದೆ. ಗುಜರಿಯಿಂದ ತರುವುದಾದರೆ ಕವರನ್ನು ಕಿಟಕಿ ಗಾಜಿನ ಮೇಲೆ ಮಗುಚಿ ಹಾಕಿ ನಾಲ್ಕೂ ಮೂಲೆ ಒತ್ತಿ ನೋಡಿ. ಟಕ್ ಟಕ್ ಎಂದು ಅಲ್ಲಾಡಿದರೆ ಸೊಟ್ಟಗಿದೆ, ಬೇಡ. ಹೊಸದಕ್ಕೂ ಈ ಪರೀಕ್ಷೆ ಮಾಡಿ, ಕಂಪನಿ ಮಾಲಲ್ಲದಿದ್ದರೆ ಖಂಡಿತ ಮಾಡಿ.

ಜೊತೆಗೆ ಬೇಕಾದವು: ಕ್ಲಚ್ ಕವರ್ ಗ್ಯಾಸ್ಕೆಟ್, ಕಿಕ್ ಶಾಫ್ಟ್ ಆಯಿಲ್ ಸೀಲ್, ಡ್ರೈನ್ ಬೋಲ್ಟಿನ ವಾಷರ್, ಸೈಲೆನ್ಸರ್ ಬಿಚ್ಚಬೇಕಾದ ಬೈಕಾದರೆ ಅದರ ಬಾಯಿಯ ರಿಂಗ್ ಗ್ಯಾಸ್ಕೆಟ್. ಇವೆಲ್ಲ ಸೇರಿದರೂ ಕವರಿನ ಬೆಲೆಯ ಮುಂದೆ ಚಿಲ್ಲರೆ. ಹಳೇ ಗ್ಯಾಸ್ಕೆಟ್ಟನ್ನೇ ತಿರುಗಿ ಹಾಕಿ ಉಳಿಸುವ ದುಡ್ಡು ಒಂದೆರಡು ಮಸಾಲೆ ದೋಸೆಯದ್ದು, ಕಳೆಯುವುದು ಒಂದು ಲೀಟರ್ ಆಯಿಲ್. ಆಯಿಲ್ ನಿಮ್ಮ ಬೈಕಿನ ಪುಸ್ತಕದಲ್ಲಿ ಹೇಳಿದ ಗ್ರೇಡಿನದೇ ಇರಲಿ, ಡಬ್ಬಿಯ ಮೇಲೆ ಬೈಕಿನ ಆಯಿಲಿನ ಗುರುತಾದ ಜಾಸೋ ಎಂಎ ಅಥವಾ ಎಂಎ2 (JASO MA, MA2) ಎಂದಿರಲಿ. ಕ್ಲಚ್ ಪ್ಲೇಟುಗಳು ಇದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು.

ಸಾಮಾನು: 8, 10, 12 ಮಿ.ಮೀ.ನ ಟಿ ಸ್ಪ್ಯಾನರ್ ಅಥವಾ ಸಾಕೆಟ್, 17ರ ರಿಂಗ್ ಸ್ಪ್ಯಾನರ್, ರಬ್ಬರ್ ಸುತ್ತಿಗೆ, ಎರಡು ಲೀಟರ್ ಹಿಡಿಯುವ ಟ್ರೇ, ನೂಲು ಬಿಡದ ಹಳೇ ಹತ್ತಿ ಬಟ್ಟೆ, ಥಿನ್ನರ್, ಸ್ವಲ್ಪ ಗ್ರೀಸು. ಸಾಕೆಟ್ಟಿನೊಳಗೆ ಆರು ಮೂಲೆ ಇರಲಿ, ಹನ್ನೆರಡು ಮೂಲೆಯದು 8ರ ಬೋಲ್ಟಿನ ತಲೆ ಸವೆಸುತ್ತದೆ.

ಜಾಗ ಮತ್ತು ಆಯಿಲ್

ನಮ್ಮ ಕೆಂಪು ಮಣ್ಣಿನ ಧೂಳು ತೆರೆದ ಇಂಜಿನ್ನಿಗೆ ಶತ್ರು. ಗಾಳಿ ಏಳುವ ಮೊದಲೇ, ಬೆಳಗ್ಗೆ ಶುರು ಮಾಡಿ. ಅಂಗಳವಾದರೆ ನೀರು ಚಿಮುಕಿಸಿ. ಬಿಚ್ಚುವ ಮೊದಲೇ ಕವರಿನ ಅಂಚು, ಬೋಲ್ಟಿನ ತಲೆಗಳನ್ನು ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ಅದ್ದಿದ ಬ್ರಷ್ಷಿನಿಂದ ತಿಕ್ಕಿ ಒರೆಸಿ. ಇಲ್ಲದಿದ್ದರೆ ಕವರ್ ಸಡಿಲವಾದ ಕ್ಷಣವೇ ಆ ಕೊಳೆ ಕ್ಲಚ್ಚಿನ ಮೇಲೆ ಉದುರುತ್ತದೆ.

ಬೈಕನ್ನು ಸಮನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ. ಇಂಜಿನ್ನಿನಲ್ಲಿ ಎಣ್ಣೆ ಇದ್ದರೆ ಮೂರು ನಾಲ್ಕು ನಿಮಿಷ ಓಡಿಸಿ ನಿಲ್ಲಿಸಿ; ಬೆಚ್ಚಗಾದ ಎಣ್ಣೆ ಪೂರ್ತಿ ಇಳಿಯುತ್ತದೆ. ಎಣ್ಣೆ ಆಗಲೇ ಸೋರಿಹೋಗಿದ್ದರೆ ಸ್ಟಾರ್ಟ್ ಮಾಡಲೇಬೇಡಿ. ಬೈಕನ್ನು ಎಡಕ್ಕೆ ಮಲಗಿಸಿದರೆ ಎಣ್ಣೆ ತೆಗೆಯದೆಯೇ ಕವರ್ ಬಿಚ್ಚಬಹುದೆಂದು ಹೇಳುವವರಿದ್ದಾರೆ. ಬಿಚ್ಚಬಹುದು ನಿಜ. ಟ್ಯಾಂಕಿನ ಪೆಟ್ರೋಲೂ ಬ್ಯಾಟರಿಯ ಆಸಿಡ್ಡೂ ಸುರಿಯಬಹುದು ಎಂಬುದೂ ಅಷ್ಟೇ ನಿಜ.

ಡ್ರೈನ್ ಬೋಲ್ಟ್ ಇಂಜಿನ್ನಿನ ಅಡಿಯಲ್ಲಿದೆ, ಸಾಮಾನ್ಯವಾಗಿ 17ರ ತಲೆ. ಇಳಿದ ಎಣ್ಣೆಯಲ್ಲಿ ಬೆರಳಾಡಿಸಿ ಲೋಹದ ಚೂರು ಸಿಗುತ್ತದೆಯೇ ನೋಡಿ. ಹಳೇ ಎಣ್ಣೆಯನ್ನು ಚರಂಡಿಗೋ ತಿಪ್ಪೆಗೋ ಸುರಿಯಬೇಡಿ. ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಟ್ಟರೆ ಅವರು ಕೊಳ್ಳುವವರಿಗೆ ಹಾಕುತ್ತಾರೆ.

ಅಡ್ಡ ಇರುವುದನ್ನು ತೆಗೆಯುವುದು

ಕಿಕ್ಕರ್, ಫುಟ್‌ರೆಸ್ಟ್ ಬಾರ್, ಬ್ರೇಕ್ ಪೆಡಲ್, ಕೆಲವು ಬೈಕುಗಳಲ್ಲಿ ಸೈಲೆನ್ಸರ್ ಕೂಡ ದಾರಿಗೆ ಅಡ್ಡ. ಸೈಲೆನ್ಸರ್ ಬಿಸಿ ಆರಲಿ. 2020ರ ಏಪ್ರಿಲ್ ನಂತರದ, ಬಿಎಸ್6 ಹೊಗೆ ನಿಯಮದ ಬೈಕಾದರೆ ಸೈಲೆನ್ಸರ್ ಪೈಪಿಗೆ ಸೆನ್ಸರ್ ವೈರ್ ಇರುತ್ತದೆ, ಅದರ ಕಪ್ಲರ್ ಬಿಚ್ಚದೆ ಪೈಪ್ ಎಳೆದರೆ ವೈರ್ ಕಿತ್ತುಬರುತ್ತದೆ.

ಕಿಕ್ಕರ್ ಕೂತಿರುವ ಕೋನವನ್ನು ಶಾಫ್ಟಿನ ಮೇಲೆ ಮಾರ್ಕರಿನಿಂದ ಗುರುತು ಹಾಕಿ. ಆಮೇಲೆ ಅದರ ಬೋಲ್ಟನ್ನು ಸಡಿಲ ಮಾಡಿದರೆ ಸಾಲದು, ಪೂರ್ತಿ ಹೊರಗೆ ತೆಗೆಯಿರಿ. ಆ ಬೋಲ್ಟ್ ಶಾಫ್ಟಿನಲ್ಲಿ ಕೊರೆದ ತೋಡಿನೊಳಗೆ ಹಾದುಹೋಗುತ್ತದೆ. ಅದು ಒಳಗಿರುವಾಗ ಎಷ್ಟು ಬಡಿದರೂ ಕಿಕ್ಕರ್ ಬರುವುದಿಲ್ಲ, ಬಡಿತಕ್ಕೆ ಒಳಗಿನ ಸರ್ಕ್ಲಿಪ್ (ಲಾಕ್ ರಿಂಗು) ಹಾರಬಹುದು.

ಕ್ಲಚ್ ಕೇಬಲ್ ಕವರಿಗೆ ಬಂದು ಸೇರುವ ಬೈಕಾದರೆ ಹ್ಯಾಂಡಲ್ ಕಡೆಯ ಅಡ್ಜಸ್ಟರ್ ಪೂರ್ತಿ ಒಳಕ್ಕೆ ತಿರುಗಿಸಿ, ಕೇಬಲ್ ಸಡಿಲ ಬಿಟ್ಟು, ಆರ್ಮಿನಿಂದ ಬಿಡಿಸಿ.

ಬೋಲ್ಟುಗಳಿಗೊಂದು ಲಗ್ನಪತ್ರಿಕೆ

ಕವರಿನ ಬೋಲ್ಟುಗಳು ನೋಡಲು ಒಂದೇ ಥರ, ಉದ್ದ ಬೇರೆ ಬೇರೆ. ಉದ್ದದ ಬೋಲ್ಟನ್ನು ಗಿಡ್ಡ ತೂತಿಗೆ ಹಾಕಿದರೆ ಕೊನೆಗೆ ಮುಟ್ಟಿ ನಿಲ್ಲುತ್ತದೆ. ಬಿಗಿಯಾಯಿತೆಂದು ಕೈಗೆ ಅನ್ನಿಸುತ್ತದೆ, ಕವರ್ ಮಾತ್ರ ಸಡಿಲ. ಇನ್ನೂ ತಿರುಗಿಸಿದರೆ ಇಂಜಿನ್ನಿನ ಹೊರಮೈಯಾದ ಕ್ರ್ಯಾಂಕ್‌ಕೇಸೇ ಸೀಳುತ್ತದೆ. ಗಿಡ್ಡದನ್ನು ಉದ್ದದ ತೂತಿಗೆ ಹಾಕಿದರೆ ಎರಡು ಮೂರು ಎಳೆ ಮಾತ್ರ ಹಿಡಿದು, ಬಿಗಿಯುವಾಗ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ. ಗಟ್ಟಿಯಾದ ಹಳೇ ಲಗ್ನಪತ್ರಿಕೆಯೋ ರಟ್ಟೋ ತೆಗೆದುಕೊಂಡು ಕವರಿನ ಆಕಾರ ಬರೆದು, ಪ್ರತಿ ಬೋಲ್ಟನ್ನೂ ತೆಗೆದ ಹಾಗೆ ಅದದರ ಜಾಗದಲ್ಲಿ ಚುಚ್ಚಿ ಇಡಿ. ಫೋನಿನಲ್ಲಿ ಫೋಟೊ ತೆಗೆದುಕೊಂಡರೂ ಈ ರಟ್ಟು ಬಿಡಬೇಡಿ. ಫೋಟೊದಲ್ಲಿ ತಲೆ ಕಾಣುತ್ತದೆ, ಉದ್ದ ಕಾಣುವುದಿಲ್ಲ.

ಎಲ್ಲ ಬೋಲ್ಟನ್ನೂ ಮೊದಲು ಕಾಲು ಸುತ್ತು ಸಡಿಲ ಮಾಡಿ, ಎದುರು ಬದುರಾಗಿ. ಬಾರದಿದ್ದರೆ ಡಬ್ಲ್ಯೂಡಿ-40 ಹಾಕಿ ಅರ್ಧ ಗಂಟೆ ಬಿಡಿ, ತಲೆಯ ಮೇಲೆ ನೇರವಾಗಿ ಎರಡು ಸಲ ತಟ್ಟಿ. ಹಳೇ ಬೈಕುಗಳಲ್ಲಿ ಪ್ಲಸ್ ತಲೆಯ ಸ್ಕ್ರೂಗಳಿದ್ದರೆ ಸಾಧಾರಣ ಸ್ಕ್ರೂಡ್ರೈವರ್ ಮುಟ್ಟಿಸಬೇಡಿ, ಇಂಪ್ಯಾಕ್ಟ್ ಡ್ರೈವರ್ ಬಾಡಿಗೆಗಾದರೂ ತನ್ನಿ. ಅಷ್ಟಾಗಿಯೂ ಬೋಲ್ಟಿನ ತಲೆ ಕಿತ್ತುಬಂದರೆ ಗಾಬರಿ ಬೇಡ: ಉಳಿದವನ್ನು ತೆಗೆದು ಕವರ್ ಹೊರಗೆಳೆದರೆ, ಮುರಿದ ಬೋಲ್ಟಿನ ಮೈ ಕವರಿನ ದಪ್ಪದಷ್ಟು ಹೊರಗೆ ಚಾಚಿರುತ್ತದೆ. ಲಾಕಿಂಗ್ ಪ್ಲೈಯರಿನಲ್ಲಿ ಕಚ್ಚಿ ತಿರುಗಿಸಿ. ಒಳಕ್ಕೇ ಮುರಿದಿದ್ದರೆ ಕೈ ಹಾಕಬೇಡಿ, ಅದು ಲೇತಿನವರ ಕೆಲಸ.

ಕವರ್ ತೆಗೆಯುವ ಗಳಿಗೆ

ಕೊನೆಯ ಬೋಲ್ಟ್ ಬಂದರೂ ಕವರ್ ಅಂಟಿಕೊಂಡೇ ಇರುತ್ತದೆ. ಅಂಚಿಗೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬುವುದು ಬಹಳ ಜನ ಮಾಡುವ ತಪ್ಪು. ಆ ಒಂದು ಗೀರಿನಿಂದ ಹೊಸ ಕವರೂ ಜೀವನಪೂರ್ತಿ ಸೋರುತ್ತದೆ, ಯಾಕೆಂದರೆ ಗೀರು ಬಿದ್ದಿರುವುದು ಇಂಜಿನ್ನಿನ ಮುಖಕ್ಕೆ. ರಬ್ಬರ್ ಸುತ್ತಿಗೆಯಿಂದ ಸುತ್ತಲೂ ತಟ್ಟಿ, ಬಿಡುತ್ತದೆ.

ಎಳೆಯುವಾಗ ಒಂದು ಕೈಯ ಹೆಬ್ಬೆರಳಿನಿಂದ ಕಿಕ್ ಶಾಫ್ಟನ್ನು ಒಳಕ್ಕೆ ಒತ್ತಿಹಿಡಿಯಿರಿ. ಕವರಿನ ಜೊತೆ ಅದೂ ಬಂದರೆ ರಿಟರ್ನ್ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತದೆ, ಅದನ್ನು ತಿರುಗಿ ಎಳೆದು ಕೂರಿಸುವುದೇ ಒಂದು ಗಂಟೆಯ ಕುಸ್ತಿ. ಕವರ್ ಹೊರಗೆ ಬಂದೊಡನೆ ಒಳಮೈ ನೋಡಿ. ಕಿಕ್ ಶಾಫ್ಟಿನ ತೆಳು ವಾಷರ್ ಎಣ್ಣೆಯ ಜಿಗುಟಿಗೆ ಕವರಿಗೇ ಅಂಟಿರಬಹುದು. ಕ್ಲಚ್ ಒತ್ತುವ ಪುಟ್ಟ ರಾಡ್ ಬೀಳಬಹುದು. ಎರಡು ಡೋವೆಲ್ ಪಿನ್ನುಗಳು, ಅಂದರೆ ಬೋಲ್ಟಿನ ಸುತ್ತ ಕೂರುವ ಗಿಡ್ಡ ಕೊಳವೆಗಳು, ಒಂದು ಇಂಜಿನ್ನಿನಲ್ಲಿ ಒಂದು ಹಳೇ ಕವರಿನಲ್ಲಿ ಉಳಿದಿರಬಹುದು. ಹಳೇ ಕವರ್ ಗುಜರಿಗೆ ಹೋದ ಮೇಲೆ ಡೋವೆಲ್ ನೆನಪಾಗುವುದು ಬೇಡ.

ಇನ್ನೊಂದು ವಿಷಯ ನಿಧಾನವಾಗಿ ಓದಿ. ಕೆಲವು ಇಂಜಿನ್ನುಗಳಲ್ಲಿ ಪಂಪಿನಿಂದ ಬರುವ ಎಣ್ಣೆ ಈ ಕವರಿನೊಳಗಿನ ದಾರಿಯಲ್ಲೇ ಹಾದು ಕ್ರ್ಯಾಂಕ್ ಶಾಫ್ಟಿನ, ಅಂದರೆ ಪಿಸ್ಟನ್ ತಿರುಗಿಸುವ ಮುಖ್ಯ ದಂಡದ, ತುದಿಗೆ ಹೋಗುತ್ತದೆ. ಕವರಿನ ಒಳಮೈಯಲ್ಲಿ, ಕ್ರ್ಯಾಂಕಿನ ತುದಿಗೆ ಎದುರಾಗಿ, ಒಂದು ಪುಟ್ಟ ಸೀಲೋ ಓ-ರಿಂಗೋ ಸ್ಪ್ರಿಂಗ್ ಹಾಕಿದ ನಳಿಕೆಯೋ ಇದ್ದರೆ ಅದು ಹೊಸ ಕವರಿಗೂ ಬರಲೇಬೇಕು. ಅದನ್ನು ಮರೆತರೆ ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಬೈಕೂ ಓಡುತ್ತದೆ. ಕ್ರ್ಯಾಂಕಿನ ಬೇರಿಂಗಿಗೆ ಎಣ್ಣೆ ಸಾಲದೆ ಮುಂದೆಂದೋ ಕಟಕಟ ಶುರುವಾಗುತ್ತದೆ. ಆಗ ಇಡೀ ಇಂಜಿನ್ ಇಳಿಸಬೇಕು.

ಕವರ್ ಒಡೆದು ತುಂಡು ಹಾರಿದ್ದರೆ ಸಿಕ್ಕ ಚೂರುಗಳನ್ನೆಲ್ಲ ಹಳೇ ಕವರಿನ ತೂತಿಗೆ ಜೋಡಿಸಿ ನೋಡಿ. ಒಂದು ಚೂರು ಕಡಿಮೆ ಬಿದ್ದರೂ ಅದು ಒಳಗಿದೆ ಎಂದೇ ಲೆಕ್ಕ. ಎಷ್ಟೋ 100 ಸಿಸಿ ಇಂಜಿನ್ನುಗಳಲ್ಲಿ ಈ ಕವರಿನ ಹಿಂದೆಯೇ, ಕೆಳಗೆ, ಆಯಿಲ್ ಜಾಲರಿ ಇದೆ. ಎಳೆದು ತೆಗೆದು, ತೊಳೆದು, ಅದೇ ಮುಖವಾಗಿ ಕೂರಿಸಿ. ಕ್ರ್ಯಾಂಕಿನ ತುದಿಯ ದುಂಡು ಫಿಲ್ಟರನ್ನೂ ಬಿಚ್ಚಿ ನೋಡಿದರೆ ಒಳಗೋಡೆಗೆ ಕಪ್ಪು ಕೆಸರು ಮೆತ್ತಿಕೊಂಡಿರುತ್ತದೆ. ಇಷ್ಟು ಬಿಚ್ಚಿದ ಮೇಲೆ ಅದನ್ನೂ ಒರೆಸಿಬಿಡುವುದು ಲಾಭ.

ಕೆರೆಯುವುದು

ಒಳಗಿನ ಸಂದುಗಳಿಗೆಲ್ಲ ಬಟ್ಟೆ ತುರುಕಿ, ಎಷ್ಟು ತುಂಡು ತುರುಕಿದಿರಿ ಎಂದು ಎಣಿಸಿಟ್ಟುಕೊಳ್ಳಿ. ಹಳೇ ಗ್ಯಾಸ್ಕೆಟ್ಟಿನ ಮೇಲೆ ಥಿನ್ನರ್ ಅದ್ದಿದ ಬಟ್ಟೆ ಹತ್ತು ನಿಮಿಷ ಇಟ್ಟರೆ ಕಾಗದ ಮೆತ್ತಗಾಗುತ್ತದೆ. ಹತ್ತಿರ ಬೀಡಿ, ಒಲೆ, ಗ್ರೈಂಡರಿನ ಕಿಡಿ ಯಾವುದೂ ಬೇಡ. ಮೊದಲು ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಕೆರೆಯಿರಿ. ಉಳಿದದ್ದಕ್ಕೆ ಬ್ಲೇಡನ್ನು ಮುಖಕ್ಕೆ ಬಹುತೇಕ ಮಲಗಿಸಿ ಜಾರಿಸಿ. ನಿಲ್ಲಿಸಿ ಹಿಡಿದರೆ ಅಲ್ಯೂಮಿನಿಯಂ ಅಗೆಯುತ್ತದೆ. ಎಮರಿ ಕಾಗದದಿಂದ ಉಜ್ಜಬೇಡಿ, ಅದರ ಹುಡಿ ಎಣ್ಣೆಯಲ್ಲಿ ಸೇರಿ ಬೇರಿಂಗುಗಳನ್ನು ತಿನ್ನುತ್ತದೆ.

ಆಯಿತೇ ಎಂದು ನೋಡುವುದು ಕಣ್ಣಿನಿಂದಲ್ಲ, ಉಗುರಿನಿಂದ. ಸುತ್ತ ಉಗುರು ಎಳೆದಾಗ ಎಲ್ಲೂ ತಡೆಯಬಾರದು. ಡೋವೆಲ್ಲಿನ ಬುಡ, ಬೋಲ್ಟ್ ತೂತಿನ ಬಾಯಿ, ಈ ಎರಡು ಕಡೆ ಕಾಗದದ ಸಣ್ಣ ಉಂಗುರ ಉಳಿದುಬಿಡುತ್ತದೆ. ಕೂದಲೆಳೆಯಷ್ಟು ದಪ್ಪ ಉಳಿದರೂ ಕವರ್ ಅಲ್ಲಿ ಎತ್ತಿ ನಿಲ್ಲುತ್ತದೆ, ಪಕ್ಕದಲ್ಲಿ ಸೋರುತ್ತದೆ. ಕೊನೆಗೆ ಥಿನ್ನರ್ ಬಟ್ಟೆಯಿಂದ ಒರೆಸಿ, ಎಣಿಸಿದಷ್ಟೂ ಬಟ್ಟೆ ಹೊರಗೆ ಬಂತೇ ನೋಡಿ.

ಜೋಡಣೆ

ಹೊಸ ಕವರಿಗೆ ಕಿಕ್ ಶಾಫ್ಟಿನ ಸೀಲನ್ನು ಸಮವಾಗಿ ಕೂರಿಸಿ. ಸೀಲಿನಷ್ಟೇ ಅಗಲದ ಸಾಕೆಟ್ ಇಟ್ಟು ಮೆಲ್ಲಗೆ ತಟ್ಟಿದರೆ ಸೊಟ್ಟಗಾಗದು. ಕ್ಲಚ್ ಆರ್ಮ್, ಅದರ ಸ್ಪ್ರಿಂಗ್, ಸೀಲು, ಡಿಪ್‌ಸ್ಟಿಕ್ ಎಲ್ಲ ವರ್ಗಾಯಿಸಿ. ಸೀಲಿನ ತುಟಿಗೆ ಎಣ್ಣೆ ಸವರಿ. ಶಾಫ್ಟಿನ ಹಲ್ಲುಗಳಿಗೆ ಒಂದು ಸುತ್ತು ಸೆಲ್ಲೋಟೇಪ್ ಸುತ್ತಿ, ಕವರ್ ತೂರಿಸಿದ ಮೇಲೆ ಕಿತ್ತುಹಾಕಿ. ಇಲ್ಲದಿದ್ದರೆ ಆ ಹಲ್ಲುಗಳೇ ಹೊಸ ಸೀಲನ್ನು ಕೊಯ್ಯುತ್ತವೆ.

ಡೋವೆಲ್ ಎರಡೂ ಇಂಜಿನ್ ಕಡೆಗೆ ಹಾಕಿ, ಗ್ಯಾಸ್ಕೆಟ್ಟನ್ನು ಅವುಗಳ ಮೇಲೆ ನೇತುಹಾಕಿ. ಜಾರುತ್ತಿದ್ದರೆ ನಾಲ್ಕು ಕಡೆ ಬೊಟ್ಟಿನಷ್ಟು ಗ್ರೀಸು ಸಾಕು. ಅನಾಬಾಂಡ್ (ಟ್ಯೂಬಿನಲ್ಲಿ ಬರುವ ಸೋರಿಕೆ ತಡೆಯುವ ಅಂಟು) ಬಳಿಯುವುದು ನಮ್ಮಲ್ಲಿ ಚಟ. ಕಾಗದದ ಗ್ಯಾಸ್ಕೆಟ್ ಇರುವ ಕಡೆ, ಮುಖ ಸರಿಯಿದ್ದರೆ, ಅದು ಬೇಕಿಲ್ಲ. ಹೆಚ್ಚಾದದ್ದು ಒಳಕ್ಕೆ ಹುಳದಂತೆ ಉಕ್ಕಿ, ಒಣಗಿ, ಕಳಚಿ, ಹೋಗಿ ಆಯಿಲ್ ಜಾಲರಿಗೆ ಕೂರುತ್ತದೆ. ಮುಖದ ಮೇಲೆ ಹಳೇ ಗೀರು ಇದ್ದರೆ ಆ ಗೀರಿಗಷ್ಟೇ ತೆಳುವಾಗಿ ಸವರಿ.

ಕವರ್ ಒತ್ತಿದಾಗ ಕೈಬಲಕ್ಕೇ ಸುತ್ತಲೂ ಮುಟ್ಟಿ ಕೂರಬೇಕು. ಮೂರು ನಾಲ್ಕು ಮಿ.ಮೀ. ಸಂದು ಉಳಿದರೆ ಬೋಲ್ಟ್ ಹಾಕಿ ಎಳೆದು ಮುಚ್ಚಲು ಹೋಗಬೇಡಿ. ಹೊಸ ಕವರುಗಳು ಒಡೆಯುವುದು ಬಹುತೇಕ ಇಲ್ಲೇ. ತೆಗೆದು ನೋಡಿ: ಕ್ಲಚ್ ಆರ್ಮ್ ತಪ್ಪು ಕೋನದಲ್ಲಿದೆಯೇ, ಕಿಕ್ ವಾಷರ್ ಓರೆಯಾಗಿದೆಯೇ, ಡೋವೆಲ್ ಸೊಟ್ಟಗಿದೆಯೇ? ಆರ್ಮನ್ನು ಸ್ವಲ್ಪ ಅತ್ತಿತ್ತ ಆಡಿಸುತ್ತಾ ಒತ್ತಿದರೆ ಸಾಮಾನ್ಯವಾಗಿ ಗಪ್ಪನೆ ಕೂರುತ್ತದೆ.

ಎಲ್ಲ ಬೋಲ್ಟನ್ನೂ ರಟ್ಟಿನ ಪ್ರಕಾರ ಬೆರಳಿನಲ್ಲೇ ತಿರುಗಿಸಿ. ಬೆರಳಿಗೆ ತಿರುಗದಿದ್ದರೆ ಥ್ರೆಡ್ ಅಡ್ಡ ಹಿಡಿದಿದೆ. ಎಲ್ಲವೂ ಕೂತ ಮೇಲೆ ಎದುರು ಬದುರಾಗಿ, ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಎಂ6, ಅಂದರೆ 6 ಮಿ.ಮೀ. ದಪ್ಪದ, ಬೋಲ್ಟಿಗೆ 10ರಿಂದ 12 ನ್ಯೂಟನ್ ಮೀಟರ್ ಸಾಕು. ಟಾರ್ಕ್ ರೆಂಚ್ ಇಲ್ಲದವರಿಗೆ ಅಂದಾಜು: ಬೋಲ್ಟಿನಿಂದ 10 ಸೆಂ.ಮೀ. ದೂರದಲ್ಲಿ ಸ್ಪ್ಯಾನರ್ ಹಿಡಿದು, 10 ಕೆ.ಜಿ. ತೂಕ ಎತ್ತುವಷ್ಟು ಬಲ. ಅದರಾಚೆ ಕೊಟ್ಟ ಪ್ರತಿ ಕಾಲು ಸುತ್ತೂ ಥ್ರೆಡ್ಡಿಗೆ ಅಪಾಯ. ಸ್ಪ್ಯಾನರಿಗೆ ಪೈಪ್ ಸಿಕ್ಕಿಸುವವರು ಈ ಕೆಲಸಕ್ಕೆ ಬೇಡ.

ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ ಬಿಗಿ ಮಾಡಿ. ಆಮೇಲೆ ಎಣ್ಣೆ. 100 ಸಿಸಿ ಬೈಕುಗಳಿಗೆ ಸಾಮಾನ್ಯವಾಗಿ ಒಂದು ಲೀಟರಿನ ಒಳಗೇ ಮುಗಿಯುತ್ತದೆ. ಪುಸ್ತಕದಲ್ಲಿರುವ ಅಳತೆಗಿಂತ 100 ಮಿ.ಲೀ. ಕಡಿಮೆ ಹಾಕಿ, ಉಳಿದದ್ದನ್ನು ಡಿಪ್‌ಸ್ಟಿಕ್ ನೋಡಿ ಸೇರಿಸಿ. ಹೀರೊ, ಹೋಂಡಾ ಬೈಕುಗಳಲ್ಲಿ ಡಿಪ್‌ಸ್ಟಿಕ್ಕನ್ನು ಒರೆಸಿ, ತಿರುಗಿಸದೆ, ಬಾಯಿಯ ಮೇಲೆ ಸುಮ್ಮನೆ ಇಳಿಬಿಟ್ಟು ನೋಡಬೇಕು. ತಿರುಗಿಸಿ ನೋಡಿದರೆ ಮಟ್ಟ ಜಾಸ್ತಿ ಕಾಣುತ್ತದೆ, ಎಣ್ಣೆ ಕಮ್ಮಿ ಬೀಳುತ್ತದೆ.

ಕಿಕ್ಕರನ್ನು ಗುರುತಿಗೆ ಸರಿಯಾಗಿ ಕೂರಿಸಿ, ಉಳಿದದ್ದನ್ನು ಬಿಚ್ಚಿದ್ದರ ತಿರುಗುಮುರುಗಾಗಿ ಜೋಡಿಸಿ. ಬಾಗಿದ ಬ್ರೇಕ್ ಪೆಡಲ್ ನೇರ ಮಾಡದೆ ಹಾಕಿದರೆ ಮುಂದಿನ ಸಲ ಬಿದ್ದಾಗ ಮತ್ತೆ ಇದೇ ಕವರಿಗೆ ತಿವಿಯುತ್ತದೆ. ಕ್ಲಚ್ ಲಿವರಿನ ತುದಿಯಲ್ಲಿ 10ರಿಂದ 20 ಮಿ.ಮೀ. ಆಟ ಬಿಡಿ. ಹಿಂದಿನ ಬ್ರೇಕ್ ಹಿಡಿಯುತ್ತದೆಯೇ, ಬ್ರೇಕ್ ಲೈಟ್ ಉರಿಯುತ್ತದೆಯೇ ಎಂದು ರಸ್ತೆಗಿಳಿಯುವ ಮೊದಲೇ ನೋಡಿ.

ಕೀ ಆಫ್ ಇಟ್ಟು ಹತ್ತು ಹನ್ನೆರಡು ಸಲ ಕಿಕ್ ಹೊಡೆಯಿರಿ, ಎಣ್ಣೆ ಹರಡಲಿ. ಸ್ಟಾರ್ಟ್ ಮಾಡಿ ಮೂರು ನಿಮಿಷ ಐಡಲ್‌ನಲ್ಲಿ ಬಿಟ್ಟು ನಿಲ್ಲಿಸಿ, ಎರಡು ಮೂರು ನಿಮಿಷ ಕಾದು ಮಟ್ಟ ನೋಡಿ, ಬೇಕಿದ್ದರೆ ಸೇರಿಸಿ. ಅಂಚಿಗೆ ಮತ್ತೆ ಪೌಡರ್ ಉದುರಿಸಿ ಊರೊಳಗೆ ಒಂದು ಸುತ್ತು ಹಾಕಿಬನ್ನಿ. ಕಾಗದದ ಗ್ಯಾಸ್ಕೆಟ್ ಬಿಸಿಗೆ ಸ್ವಲ್ಪ ಕುಗ್ಗುವುದರಿಂದ, ನೂರು ಕಿಲೋಮೀಟರ್ ಆದ ಮೇಲೆ ಇಂಜಿನ್ ತಣ್ಣಗಿರುವಾಗ ಬೋಲ್ಟುಗಳನ್ನು ಅದೇ ಬಲದಲ್ಲಿ ಇನ್ನೊಮ್ಮೆ ಮುಟ್ಟಿ ನೋಡಿ. ತಿರುಗಿದರೆ ತಿರುಗಲಿ, ಬಲವಂತ ಬೇಡ.

ಎಡಗಡೆ ಕವರಾದರೆ

ಅಲ್ಲಿ ಇರುವುದು ಮ್ಯಾಗ್ನೆಟ್. ಬಹಳ ಬೈಕುಗಳಲ್ಲಿ ಕಾಯಿಲ್ ಕವರಿನ ಒಳಮೈಗೇ ಕೂತಿರುತ್ತದೆ, ಹಾಗಾಗಿ ಕವರ್ ಎಳೆಯುವಾಗ ಮ್ಯಾಗ್ನೆಟ್ ವಾಪಸ್ ಜಗ್ಗುತ್ತದೆ, ಕೂರಿಸುವಾಗ ರಪ್ಪನೆ ಸೆಳೆದುಕೊಳ್ಳುತ್ತದೆ. ಅಂಚಿನಲ್ಲಿ ಬೆರಳಿಟ್ಟಿದ್ದರೆ ಬೆರಳು ಜಜ್ಜುತ್ತದೆ. ಕಳೆದುಹೋದ ಸ್ಕ್ರೂ, ವಾಷರ್ ಹುಡುಕುವ ಮೊದಲು ಮ್ಯಾಗ್ನೆಟ್ಟಿನ ಒಳಗೋಡೆ ನೋಡಿ, ಅಲ್ಲೇ ಅಂಟಿರುತ್ತದೆ. ವೈರ್ ಹೊರಬರುವ ರಬ್ಬರ್ ಬಿರಡೆಯನ್ನು ಅದರ ತೋಡಿನಲ್ಲಿ ಪೂರ್ತಿ ಕೂರಿಸಿ. ಆಗಲೇ ಹೇಳಿದ ಗೀರು ಬಿಟ್ಟರೆ ಈ ಒಂದು ಕಡೆ ಮಾತ್ರ, ಬಿರಡೆಯ ಸುತ್ತ ಒಂದು ತೆಳು ಗೆರೆ ಅನಾಬಾಂಡ್ ಹಚ್ಚಿದರೆ ನಮ್ಮ ಆಕ್ಷೇಪವಿಲ್ಲ.